ಎರಡಕ್ಕೂ ಆಗುವ ಬೈಕು

ತಪ್ಪೆಲ್ಲ ಷೋರೂಮಿನ ಕಟ್ಟೆಯದು. ಬೈಕನ್ನು ಒಂದಡಿ ಎತ್ತರದ ಕಟ್ಟೆಯ ಪಕ್ಕಕ್ಕೇ ನಿಲ್ಲಿಸಿದ್ದರು. ಆ ಕಟ್ಟೆ ಹತ್ತಿ, ಅಲ್ಲಿಂದ ಕಾಲು ಹಾಕಿ ಕೂತ ಸ್ಕೇಲಪ್ಪನಿಗೆ ಅದು ತನ್ನ ಅಳತೆ ತೆಗೆದೇ ಮಾಡಿಸಿದಂತೆ ಕಂಡಿತು.

ನೀರು ಸರಬರಾಜು ಕಚೇರಿಯಲ್ಲಿ ಕೂತು ಇಪ್ಪತ್ತು ವರ್ಷದಿಂದ ಕೊಳವೆಗಳ ನಕ್ಷೆ ಬರೆಯುತ್ತಿದ್ದ ಅವನ ಜೇಬಿನಲ್ಲಿ ಸದಾ ಒಂದು ಸ್ಟೀಲಿನ ಸ್ಕೇಲು ಇರುತ್ತಿತ್ತು; ಹೆಸರು ಬಂದದ್ದೇ ಹಾಗೆ. ಡಾಂಬರಿಗೂ ಮಣ್ಣುದಾರಿಗೂ ಆಗುವ ಆ ಎತ್ತರದ ಬೈಕು ಕೊಳ್ಳುವ ಮುಂಚೆ ಆರು ತಿಂಗಳು ಕೂತು ಎಂಜಿನ್ನು, ಮೈಲೇಜು, ಟೈರಿನ ಹಲ್ಲು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ಬರೆದುಕೊಳ್ಳದೆ ಬಿಟ್ಟದ್ದು ತನ್ನ ಕಾಲಿನ ಉದ್ದವೊಂದನ್ನೇ.

ಬೈಕು ಬೇಕಾಗಿದ್ದದ್ದು ಎರಡು ಕಾರಣಕ್ಕೆ. ಒಂದು, ಕಚೇರಿಯ ಕಿಟಕಿಯಲ್ಲಿ ದಿನಾ ಕಾಣುತ್ತಿದ್ದ ಗುಡ್ಡ. ರಸ್ತೆ ಇಲ್ಲದ ಆ ಗುಡ್ಡದ ನೆತ್ತಿಯಲ್ಲಿ ಒಮ್ಮೆಯಾದರೂ ಒಬ್ಬನೇ ಕೂರಬೇಕೆಂದು ಅವನ ಜೀವ ಹಂಬಲಿಸುತ್ತಿತ್ತು. ಇನ್ನೊಂದು, ಸಾಹೇಬರು. ಪಕ್ಕದ ಬೀದಿಯಲ್ಲೇ ಇದ್ದ ಮ್ಯಾನೇಜರ್ ಸಾಹೇಬರು ಹನ್ನೊಂದು ವರ್ಷದಿಂದ ಅವನನ್ನು ತಮ್ಮ ಕಾರಿನಲ್ಲೇ ಕಚೇರಿಗೆ ಕರೆದೊಯ್ಯುತ್ತಿದ್ದರು. ಕಾರು ಹೊರಟರೆ ಹೊಟ್ಟೆಪುರಾಣವೂ ಹೊರಡುತ್ತಿತ್ತು.

"ರಾತ್ರಿ ತಿಂದದ್ದು ಎರಡೇ ತುತ್ತು ಕಣ್ರೀ. ಎರಡು ಗಂಟೆಗೆ ಎಡಗಡೆಯಿಂದ ಎದ್ದ ಗಾಳಿ ನೋಡಿ, ಬಲಗಡೆಗೆ ಬರೋ ಹೊತ್ತಿಗೆ ನಾಲ್ಕಾಗಿತ್ತು!"

ಮೇಲಧಿಕಾರಿಯ ಹೊಟ್ಟೆಯ ವಿಷಯದಲ್ಲಿ 'ಹೂಂ' ಅನ್ನದೆ ಬದುಕುವುದುಂಟೆ?

ಹಾಗಾಗಿ ಷೋರೂಮಿನವನು ಬೈಕನ್ನು ತಂದು ಮನೆ ಮುಂದೆ ಬಿಟ್ಟುಹೋದ ಸಂಜೆಯೇ ಸ್ಕೇಲಪ್ಪ ಸಾಹೇಬರಿಗೆ ಫೋನು ಮಾಡಿ, "ನಾಳೆಯಿಂದ ನಿಮಗೆ ತೊಂದರೆ ಬೇಡ ಸಾರ್" ಎಂದುಬಿಟ್ಟ. ಆಮೇಲೆ ಬಾಗಿಲಲ್ಲಿ ನಿಂತು ಬೈಕನ್ನು ನೋಡಿದ. ಎಂಥ ಎತ್ತರ, ಎಂಥ ಗತ್ತು! ಇಂಥದು ತನ್ನದೆಂದರೆ ಅವನಿಗೇ ನಂಬಿಕೆ ಬರಲಿಲ್ಲ.

ಬೆಳಿಗ್ಗೆ ಮನೆಯ ಮೆಟ್ಟಿಲ ಮೇಲಿನಿಂದ ಬೈಕು ಏರಿದಾಗ ವಿಷಯ ಬಯಲಾಯಿತು. ಕುಣಿಯಲಾರದವಳಿಗೆ ನೆಲ ಡೊಂಕಂತೆ. ಇವನಿಗೆ ನೆಲ ಆಳ. ಎರಡು ಕಾಲೂ ಗಾಳಿಯಲ್ಲಿ ನೇತಾಡಿದವು.

"ರೀ, ನಿಲ್ಲಿಸೋದು ಹೇಗೆ?" ಎಂದು ಹೆಂಡತಿ ಕೇಳಿದಳು.

"ಹೋಗೋಕೆ ಮುಂಚೆ ನಿಲ್ಲಿಸೋ ಮಾತು ಯಾಕೆ?" ಎಂದು ಗದರಿ ಹೊರಟೇಬಿಟ್ಟ.

ಹೆಂಡತಿಯ ಸ್ಕೂಟರು ಓಡಿಸಿ ಅಭ್ಯಾಸವಿದ್ದುದರಿಂದ ಹೋಗುವುದೇನೋ ಸಲೀಸಾಯಿತು. ದಾರಿಯ ಒಂದೇ ಒಂದು ಸಿಗ್ನಲ್ಲಿನಲ್ಲಿ ಫುಟ್‌ಪಾತಿನ ಅಂಚು ಕಾಲಿಗೆ ಸಿಕ್ಕಿ ಮಾನ ಉಳಿಯಿತು. ಕಚೇರಿಯ ಮುಂದೆಯೂ ಅಂಥದೇ ಅಂಚಿತ್ತು. ಆದರೆ ಇವತ್ತು ಅದಕ್ಕೆ ಅಂಟಿಕೊಂಡು ಸಾಹೇಬರ ಕಾರು ನಿಂತಿತ್ತು!

ಸ್ಕೇಲಪ್ಪ ನಿಲ್ಲಲಾರದೆ ಕಟ್ಟಡಕ್ಕೆ ಒಂದು ಸುತ್ತು ಹಾಕಿ ಬಂದ. ಮೆಟ್ಟಿಲ ಮೇಲೆ ಇಡೀ ಕಚೇರಿ ನೆರೆದಿತ್ತು.

"ತೋರಿಸಿದ್ದು ಸಾಕು, ಇಳೀರಿ!" ಎಂದರು ಟೈಪಿಸ್ಟಮ್ಮ.

"ಇಳಿಯೋಕೇ ಆಗ್ತಿಲ್ಲ!" ಎನ್ನುವಷ್ಟರಲ್ಲಿ ಅವನು ಮೂಲೆ ತಿರುಗಿಯಾಗಿತ್ತು.

ಎರಡನೆಯ ಸುತ್ತಿಗೆ ಜವಾನ ಹಿಡಿದುಕೊಳ್ಳಲು ಕೈಚಾಚಿ ಬಂದವನು ಬೈಕಿನ ಗಾತ್ರ ನೋಡಿ ಪಕ್ಕಕ್ಕೆ ಹಾರಿದ. ಮೂರನೆಯ ಸುತ್ತಿಗೆ ಸ್ಕೇಲಪ್ಪ ಗುಡ್ಡದ ಕಡೆ ಕೈತೋರಿಸಿ, "ಅಲ್ಲಿ ನಿಲ್ಲಿಸ್ತೀನಿ!" ಎಂದು ಕೂಗಿ ನೇರ ಹೊರಟ. "ಪಾಪ, ತಲೆ ಕೆಟ್ಟಿರಬೇಕು" ಎಂದು ಸಾಹೇಬರು ಕಾರು ಹತ್ತಿ ಬೆನ್ನಟ್ಟಿದರು.

ಗುಡ್ಡದ ಬುಡದಲ್ಲಿ ರಸ್ತೆ ಮುಗಿಯಿತು. ಡಾಂಬರಿನ ಮೇಲೆ ಹಠಮಾರಿಯಾಗಿದ್ದ ಬೈಕು ಮಣ್ಣು ಸಿಕ್ಕಿದ್ದೇ ತವರು ಕಂಡ ಮಗಳಂತೆ ಹಗುರಾಯಿತು. ಕೊರಕಲು ದಾಟಿತು, ಜಲ್ಲಿಯಲ್ಲಿ ಜಾರಿ ತಾನೇ ಸಾವರಿಸಿಕೊಂಡಿತು. ಇನ್ನೂ ವಿಚಿತ್ರವೆಂದರೆ, ಕಾಲು ಚಾಚಿದಲ್ಲೆಲ್ಲ ಒಂದು ಬಂಡೆ! ಊರಿನಲ್ಲಿ ಅವನಿಗೆ ಸಿಗದ ನೆಲ ಇಲ್ಲಿ ತಾನಾಗಿ ಎದ್ದುಬಂದು ಕಾಲು ಹಿಡಿಯುತ್ತಿತ್ತು.

ನೆತ್ತಿಯಲ್ಲಿ ಒಂದು ಚಪ್ಪಟೆ ಬಂಡೆಗೆ ಕಾಲೂರಿ ಎಂಜಿನ್ನು ಆರಿಸಿದ.

ಅಬ್ಬಾ! ಅವನು ಇಪ್ಪತ್ತು ವರ್ಷ ಗೆರೆಯೆಳೆದ ಊರು ಕೆಳಗೆ ಅಂಗೈಯಷ್ಟಾಗಿ ಬಿದ್ದಿತ್ತು. ಕಚೇರಿ ಎಲ್ಲಿ, ಅವನ ಕಿಟಕಿ ಎಲ್ಲಿ! ಊರಿನಾಚೆ ಬಯಲು, ಬಯಲಿನಾಚೆ ಇನ್ನೂ ಬಯಲು, ಅದರ ಮೇಲೆಲ್ಲ ಮೋಡದ ನೆರಳು ನಿಧಾನವಾಗಿ ನಡೆಯುತ್ತಿತ್ತು. ಎಷ್ಟು ದೊಡ್ಡದಪ್ಪಾ ಇದೆಲ್ಲ ಎಂದು ಅವನ ಕಣ್ಣು ತುಂಬಿತು. ಜೇಬಿನ ಸ್ಕೇಲಿಗೆ ಹೋದ ಕೈ ಹಾಗೇ ವಾಪಸು ಬಂತು. ಹುಟ್ಟಿದಮೇಲೆ ಮೊದಲ ಸಲ ಅವನಿಗೆ ಏನನ್ನೂ ಅಳೆಯಬೇಕೆನಿಸಲಿಲ್ಲ.

ಹಿಂದೆ ಏದುಸಿರು ಕೇಳಿಸಿತು. ಕಾರನ್ನು ಬುಡದಲ್ಲಿ ಬಿಟ್ಟು ಸಾಹೇಬರು ನಡೆದೇ ಹತ್ತಿ ಬಂದಿದ್ದರು. ತಾಳೆಮರದಂಥ ಆಳು. ಬೈಯಲು ತೆರೆದ ಬಾಯಿ ಬಯಲು ಕಂಡು ತೆರೆದೇ ಉಳಿಯಿತು. ಹತ್ತು ನಿಮಿಷ ಅವರು ಒಂದು ಮಾತೂ ಆಡಲಿಲ್ಲ. ಗುಡ್ಡದ ಮಹಿಮೆಯೇ ಮಹಿಮೆ ಎಂದು ಸ್ಕೇಲಪ್ಪ ಮನಸ್ಸಿನಲ್ಲೇ ಕೈಮುಗಿದ.

"ಇಳಿಯೋ ತ್ರಾಣ ಇಲ್ಲ ಕಣ್ರೀ, ಹಿಂದೆ ಕೂರ್ತೀನಿ" ಎಂದರು ಸಾಹೇಬರು.

ಗುಡ್ಡ ಇಬ್ಬರನ್ನೂ ಕುಲುಕಿ ಕುಲುಕಿ ಇಳಿಸಿತು. ಕಾರಿನ ಹತ್ತಿರ ನಿಲ್ಲಿಸಲು ಬಂಡೆ ಹುಡುಕುತ್ತಿದ್ದ ಸ್ಕೇಲಪ್ಪನ ಎರಡೂ ಪಕ್ಕ ಸಾಹೇಬರ ಕಾಲುಗಳು ಕಂಬದಂತೆ ಇಳಿದವು. ಬೈಕು ಅಲುಗದೆ ನಿಂತಿತು. ಅದೇ ಹೊತ್ತಿಗೆ ಅವನ ಕಿವಿಯ ಪಕ್ಕದಲ್ಲೇ ಗುಡುಗಿದಂಥ ತೇಗು ಕೇಳಿಸಿತು.

"ಹೋಯ್ತು ಕಣ್ರೀ!" ಎಂದು ಸಾಹೇಬರು ಕೂಗಿದರು. "ಹನ್ನೊಂದು ವರ್ಷದ ಗಾಳಿ! ಯಾವ ಡಾಕ್ಟರ ಕೈಲೂ ಆಗದೇ ಇದ್ದದ್ದು ಈ ಕುಲುಕಾಟಕ್ಕೆ ಹೋಯ್ತು! ಇನ್ನು ಕಾರು ಮನೇಲೇ ಇರ್ಲಿ."

"ಸಾರ್..."

"ನಿಮಗೆ ಕಾಲು ಸಾಲದು, ನನಗೆ ಕುಲುಕು ಸಾಲದು. ನಾಳೆಯಿಂದ ಒಂದು ಗಂಟೆ ಮುಂಚೆ ಬನ್ನಿ. ಮೊದಲು ಗುಡ್ಡ, ಆಮೇಲೆ ಆಫೀಸು. ಎರಡಕ್ಕೂ ಆಗೋ ಬೈಕು ಅಲ್ವೇನ್ರೀ ಇದು?"

ಕಾರಿನಲ್ಲಾದರೆ ಪಕ್ಕದ ಸೀಟು, ಮುಖ ತಿರುಗಿಸಲು ಒಂದು ಕಿಟಕಿಯಾದರೂ ಇತ್ತು. ಈಗ ಸಾಹೇಬರ ಗದ್ದ ಅವನ ಹೆಗಲ ಮೇಲೇ ಇತ್ತು.

"ನೋಡಿ, ಈಗ ಎಡಗಡೆ ಏನೋ ಸರೀತಾ ಇದೆ..." ಎಂದು ಅವರು ಶುರುಮಾಡಿದರು.

"ಹೂಂ" ಎಂದ ಸ್ಕೇಲಪ್ಪ.