ತುಳಿಯುವವರಿಗೆ ಉಚಿತ

ದ್ರಾಕ್ಷಿ ಬೆಳೆಯುವ ಊರಿನಲ್ಲಿ ಮನೆ ಮಾಡಬಾರದು. ಮಾಡಿದರೂ ಹೆಂಡತಿಯ ಕಡೆಯವರಿಗೆ ಹೇಳಬಾರದು. ಈ ಎರಡು ಸತ್ಯಗಳೂ ಅಳತೆರಾಯರಿಗೆ ತೀರ ತಡವಾಗಿ ಹೊಳೆದವು. ಸುತ್ತಲಿನ ಗುಡ್ಡದ ತುಂಬ ದ್ರಾಕ್ಷಿತೋಟ, ಬೀದಿಗೊಂದು ವೈನರಿ, ಕೊಯ್ಲಿನ ಕಾಲ ಬಂತೆಂದರೆ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡ ಪ್ರವಾಸಿಗಳ ದಂಡು. ಪ್ರವಾಸಿಗಳ ಬಗ್ಗೆ ರಾಯರಿಗೆ ತಕರಾರಿರಲಿಲ್ಲ. ಗುಡ್ಡ ಹತ್ತಿ ಇಳಿದು ಚಪ್ಪಲಿ ಹರಿದುಕೊಂಡು ಅವರೆಲ್ಲ ಬರುತ್ತಿದ್ದುದು ರಾಯರ ಅಂಗಡಿಗೇ. ತಕರಾರಿದ್ದದ್ದು, ಈ ಸಲದ ಪ್ರವಾಸಿಗಳಲ್ಲಿ ತಮ್ಮ ಷಡ್ಡಕರೂ ಒಬ್ಬರು ಎಂಬುದಕ್ಕೆ.

ಅಳತೆರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಊರು ಕೊಟ್ಟ ಬಿರುದು. ಪೇಟೆಬೀದಿಯ ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಪಾದ ಅಳೆಯುವುದು ಅವರ ಉದ್ಯೋಗ. ಮನೆಯಲ್ಲಿ ಎಣ್ಣೆ, ಸಕ್ಕರೆ, ಸೋಪು, ಕೊನೆಗೆ ಹೆಂಡತಿ ಫೋನಿನಲ್ಲಿ ಆಡುವ ಮಾತನ್ನೂ ಅಳೆಯುವುದು ಅವರ ಹವ್ಯಾಸ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಲೋಕ ಹೇಳಿದರೆ, ರಾಯರು ಹಾಸಿಗೆ ಉದ್ದವಿದ್ದರೂ ಕಾಲು ಮಡಚಿಯೇ ಮಲಗುವವರು (ಆ ಕಡೆಯ ತುದಿ ಸುಮ್ಮನೆ ಸವೆದೀತು ಎಂದು).

ಇಂಥವರಿಗೂ ಒಂದು ಆಸೆ ಇತ್ತು. ಅಂಗಡಿಯ ಎದುರಿನ ಪೀಠೋಪಕರಣದ ಮಳಿಗೆಯಲ್ಲಿ, ಗಾಜಿನ ಹಿಂದೆ, ಒಂದು ಆರಾಮಕುರ್ಚಿ. ಹಿಡಿಕೆ ಎಳೆದರೆ ಬೆನ್ನು ಹಿಂದಕ್ಕೆ ವಾಲುತ್ತಿತ್ತು, ಕಾಲಿನ ಕೆಳಗೆ ಮೆತ್ತನೆಯ ಹಲಗೆಯೊಂದು ತಾನಾಗಿ ಎದ್ದು ಬರುತ್ತಿತ್ತು. ದಿನವಿಡೀ ಗಿಡ್ಡ ಮಣೆಯ ಮೇಲೆ ಕುಕ್ಕರಿಸಿ ಪರರ ಪಾದಸೇವೆ ಮಾಡುವ ಮನುಷ್ಯ, ಸಂಜೆಯಾದರೂ ತನ್ನ ಪಾದವನ್ನು ಯಾರಾದರೂ ಎತ್ತಿ ಹಿಡಿಯಲಿ ಎಂದು ಬಯಸಿದರೆ ತಪ್ಪೇನು? ಅದಕ್ಕೆ ಬೇಕಾದ ದುಡ್ಡು ಬೀರುವಿನಲ್ಲಿ, ಬೂಟಿನ ಹಳೆಯ ಡಬ್ಬದೊಳಗೆ ಕೂಡಿ ಕೂಡಿ ಕೊನೆಗೂ ಭರ್ತಿಯಾಗಿತ್ತು. ಸೋಮವಾರ ಕುರ್ಚಿ ಮನೆಗೆ ಬರಬೇಕು. ಶುಕ್ರವಾರ ಹೆಂಡತಿ ಫೋನಿಟ್ಟು ಹೊರಗೆ ಬಂದರು.

“ರೀ, ಅಕ್ಕ ಭಾವ ನಾಳೆ ಬರ್ತಿದಾರೆ. ಎರಡು ದಿನ ಇರ್ತಾರಂತೆ.”

“ಬರಲಿ ಬಿಡು. ಮನೆ ಇದೆ, ಚಾಪೆ ಇದೆ.”

“ಚಾಪೆನಾ? ಹೋದ ವರ್ಷ ಸಮುದ್ರದ ಊರಿಗೆ ಕರಕೊಂಡು ಹೋದಾಗ ಅವರು ನಮ್ಮನ್ನ ಚಾಪೆ ಮೇಲೆ ಮಲಗಿಸಿದ್ರಾ? ದೋಣಿ ಹತ್ತಿಸಿದ್ರು, ದೊಡ್ಡ ಹೋಟೆಲಲ್ಲಿ ಊಟ ಹಾಕಿಸಿದ್ರು. ಬಿಲ್ಲು ಬರೋದು ಕಂಡು ಕೈ ತೊಳೆಯೋಕೆ ಎದ್ದ ನೀವು, ಬಿಲ್ಲು ಹೋದ ಮೇಲೇ ಬಂದ್ರಿ!”

“ಕೈ ತುಂಬ ಜಿಡ್ಡಾಗಿತ್ತು ಕಣೇ.”

“ನೀವು ತಿಂದಿದ್ದು ಐಸ್‌ಕ್ರೀಮು! ನೋಡಿ, ಈ ಸಲ ನನ್ನ ಮಾನ ಉಳಿಸ್ಬೇಕು. ತೆಗೀರಿ ಆ ಬೂಟಿನ ಡಬ್ಬ.”

ರಾಯರು ಎದ್ದು ಬಾಗಿಲಿಗೆ ಅಡ್ಡ ನಿಂತರು. ಆಪತ್ತಿನಲ್ಲೇ ಅಲ್ಲವೇ ಬುದ್ಧಿ ಚುರುಕಾಗುವುದು!

“ಪೆದ್ದಿ, ದುಡ್ಡು ಕೊಟ್ಟು ನೋಡೋರು ಹೊರಗಿನವರು. ಊರಿನವರು ಎಲ್ಲಾ ಪುಕ್ಕಟೆ ನೋಡ್ತಾರೆ. ಗತ್ತು ಇರೋದೇ ಅದರಲ್ಲಿ. ನಿನ್ನ ಭಾವನಿಗೆ ಈ ಊರಲ್ಲಿ ನಮ್ಮ ವಜನು ಏನು ಅಂತ ತೋರಿಸ್ತೀನಿ, ನೋಡ್ತಿರು.”

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ಯೋಚಿಸಿದರು. “ಆಗ್ಲಿ. ಆದರೆ ಒಂದು ಮಾತು. ಭಾವ ಎಲ್ಲಾದರೂ ಒಂದೇ ಒಂದು ಸಲ ದುಡ್ಡು ಕೊಡೋಕೆ ಜೇಬಿಗೆ ಕೈ ಹಾಕಿದ್ರೆ, ಆ ಡಬ್ಬ ನಂದು. ಏನು ಬೇಕಾದ್ರೂ ಮಾಡ್ತೀನಿ, ಕೇಳೋ ಹಾಗಿಲ್ಲ.”

“ಒಪ್ಪಿದೆ” ಎಂದರು ರಾಯರು. ಯುದ್ಧಕ್ಕೆ ಹೊರಡುವ ಮಹಾರಾಜರೂ ಹೀಗೆಯೇ ಆತುರದಲ್ಲಿ ಸಹಿ ಹಾಕಿ ರಾಜ್ಯ ಕಳೆದುಕೊಂಡಿದ್ದಾರೆ.

ಮರುದಿನ ಷಡ್ಡಕರು ಬಂದರು. ಅವರು ನೆಲಕ್ಕೆ ಹಾಸುವ ನುಣುಪುಕಲ್ಲಿನ ವ್ಯಾಪಾರಿ. ಯಾರ ಮನೆಗೆ ಹೋದರೂ ಮೊದಲು ನೆಲ ನೋಡಿ “ಅಯ್ಯೋ ಪಾಪ” ಎನ್ನುವವರು. ರಾಯರ ಕಣ್ಣು ಮಾತ್ರ ನೇರ ಅವರ ಕಾಲಿಗೆ ಹೋಯಿತು. ಮುಖ ನೋಡಿಕೊಳ್ಳಬಹುದಾದಷ್ಟು ಮಿರುಗುವ ಕರಿ ಬೂಟು, ಪಾದಕ್ಕಿಂತ ಒಂದು ಅಳತೆ ಚಿಕ್ಕದು. ಹೊಸಿಲಲ್ಲಿ ಅದನ್ನು ಬಿಚ್ಚಿದಾಗ ಎಡಗಾಲಿನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕಿ ನೋಡಿತು. ಷಡ್ಡಕರು ಮಿಂಚಿನಂತೆ ಎಡಗಾಲನ್ನು ಬಲಗಾಲಿನ ಹಿಂದೆ ಅಡಗಿಸಿದರು. ಆದರೆ ಪಾದಗಳ ನಡುವೆಯೇ ತಲೆ ನರೆಸಿಕೊಂಡವರಿಂದ ಹೆಬ್ಬೆರಳು ಮುಚ್ಚಿಡಲು ಸಾಧ್ಯವೇ? ರಾಯರಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

ಆಮೇಲೆ ಶುರುವಾಯಿತು ಪುಕ್ಕಟೆ ದಿಗ್ವಿಜಯ. ಮೊದಲು ತೋಟದ ಕಾಲುದಾರಿಯಲ್ಲಿ ಗುಡ್ಡ ಹತ್ತಿ ಊರಿನ ನೋಟ (ಉಚಿತ). ಆಮೇಲೆ ಗುಡ್ಡ ಇಳಿದು ಪೀಪಾಯಿ ಮಾಡುವ ಕೊಟ್ಟಿಗೆ, ಅಲ್ಲಿ ಹಲಗೆಗಳನ್ನು ಬೆಂಕಿಗೆ ಹಿಡಿದು ಬಗ್ಗಿಸುವುದನ್ನು ಎಷ್ಟು ಹೊತ್ತು ಬೇಕಾದರೂ ನಿಂತು ನೋಡಬಹುದು (ಉಚಿತ, ಚಳಿಯಿದ್ದರೆ ಬೆಂಕಿಯೂ ಉಚಿತ). ಅಲ್ಲಿ ಬೆವರಿದ ಮೇಲೆ ಹಳೆಯ ವೈನರಿಯ ನೆಲಮಾಳಿಗೆ. “ಇದು ನೋಡಿ ಭಾವ, ದೇವರು ಕೊಟ್ಟ ಏಸಿ. ಕರೆಂಟು ಬಿಲ್ಲಿಲ್ಲ” ಎಂದು ರಾಯರು ತಾವೇ ಕಟ್ಟಿಸಿದವರಂತೆ ಕೈ ಬೀಸಿ ತೋರಿಸಿದರು.

ಷಡ್ಡಕರ ಕೈ ಸೊಂಟದ ಕೆಳಗೆ ಇಳಿದಾಗಲೆಲ್ಲ ರಾಯರು ಒಂದು ಹೆಜ್ಜೆ ಹತ್ತಿರ ಸರಿಯುತ್ತಿದ್ದರು. ಒಮ್ಮೆಯಂತೂ ಹಾರಿ ಮಣಿಕಟ್ಟನ್ನೇ ಹಿಡಿದುಕೊಂಡರು.

“ಬೇಡಿ ಭಾವ, ನೀವು ತೆಗೀಬಾರದು!”

“ಕರ್ಚೀಫು ಕಣ್ರೀ! ಬೆವರು ಸುರೀತಿದೆ!”

ಹಿಂದೆ ಬರುತ್ತಿದ್ದ ಹೆಂಡತಿ ಕೆಮ್ಮಿದರು. ಆ ಕೆಮ್ಮಿನಲ್ಲಿ ನಗು ಎಷ್ಟಿತ್ತೆಂದು ಅಳೆಯಲು ರಾಯರಿಗೆ ಪುರುಸೊತ್ತಿರಲಿಲ್ಲ.

ನೆಲಮಾಳಿಗೆಯ ಕೊನೆಯಲ್ಲಿ ರುಚಿ ನೋಡುವ ಕಟ್ಟೆ. ತಲೆಗೊಂದು ಗುಟುಕು ಉಚಿತ. ಬಲ್ಲವರು ಅದನ್ನು ಬಾಯಲ್ಲಿ ಆಡಿಸಿ ಪಕ್ಕದ ಪಾತ್ರೆಗೆ ಉಗುಳಬೇಕಂತೆ. ಪುಕ್ಕಟೆ ಸಿಕ್ಕಿದ್ದನ್ನು ಉಗುಳುವುದೇ? ರಾಯರು ನುಂಗಿದರು. ಅಷ್ಟಕ್ಕೇ ನಿಲ್ಲದೆ ಹೊರಗೆ ಹೋಗಿ, ಕಿಸೆಯಿಂದ ಉಣ್ಣೆಯ ಟೋಪಿ ತೆಗೆದು ತಲೆಗೇರಿಸಿ, ಹೊಸಬರಂತೆ ಮತ್ತೆ ಕಟ್ಟೆಯ ಮುಂದೆ ನಿಂತರು. ಗುಟುಕು ಹಂಚುವವಳು ಬಗ್ಗಿ ನೋಡಿದಳು.

“ರಾಯರೇ, ಟೋಪಿ ಬದಲಾಯ್ತು. ಚಪ್ಪಲಿ ಅದೇ ಇದೆಯಲ್ಲ!”

ಷಡ್ಡಕರು ಎಷ್ಟು ನಕ್ಕರೆಂದರೆ ಪೀಪಾಯಿಗಳೂ ಮಾರ್ದನಿ ಕೊಟ್ಟವು. ಚಪ್ಪಲಿ ಅಂಗಡಿಯವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಅಂದು ಸಂಜೆ ಮನೆಗೆ ಬಂದ ಮೇಲೆ ಷಡ್ಡಕರು “ಊರೆಲ್ಲ ಇಷ್ಟೇನಾ?” ಎಂದು ಒಮ್ಮೆ ಕೇಳಿದರು. ಹೆಂಡತಿಯ ಮುಖ ಸಣ್ಣದಾಯಿತು. ನಾಳೆ ಏನಾದರೂ ಭಾರಿಯಾದದ್ದು ತೋರಿಸಲೇಬೇಕು ಎಂದುಕೊಂಡು ರಾಯರು ಕಾಲು ಮಡಚಿ ಮಲಗಿದರು.

ಭಾನುವಾರ ಬೆಳಿಗ್ಗೆ ದೊಡ್ಡ ವೈನರಿಯ ಗೇಟಿನಲ್ಲಿ ಆ ಫಲಕ ಕಂಡಿತು: ‘ಇಂದು ದ್ರಾಕ್ಷಿ ತುಳಿತ. ನೋಡುವವರಿಗೆ ಟಿಕೆಟ್. ತುಳಿಯುವವರಿಗೆ ಉಚಿತ.’

ರಾಯರು ಅದನ್ನು ಎರಡು ಸಲ ಓದಿದರು. ಎಂಥ ಮೂರ್ಖರು ಈ ವೈನರಿಯವರು! ಸುಮ್ಮನೆ ಕೂತು ನೋಡುವವನು ದುಡ್ಡು ಕೊಡಬೇಕು, ಒಳಗೆ ಇಳಿದು ಮಜಾ ಮಾಡುವವನು ಕೊಡಬೇಕಾಗಿಲ್ಲ! ಜೊತೆಗೆ ಇನ್ನೂ ಒಂದು ವಿಚಾರ ಹೊಳೆದು ಅವರ ಮೀಸೆ ಕುಣಿಯಿತು. ತುಳಿಯಬೇಕೆಂದರೆ ಬೂಟು ಬಿಚ್ಚಬೇಕು. ಬೂಟು ಬಿಚ್ಚಿದರೆ ಕಾಲುಚೀಲ. ಕಾಲುಚೀಲದಲ್ಲಿ ಹೆಬ್ಬೆರಳು. ಊರ ಮುಂದೆ. ಒಂದೇ ಕಲ್ಲಿಗೆ ಎರಡು ಹಕ್ಕಿ.

“ನಾಲ್ಕು ಜನಾನೂ ತುಳಿಯೋಣ, ಬನ್ನಿ! ಜನ್ಮದಲ್ಲಿ ಒಂದು ಸಲ ಸಿಗೋ ಭಾಗ್ಯ!” ಎಂದು ಕೂಗುತ್ತ, ಯಾರ ಉತ್ತರಕ್ಕೂ ಕಾಯದೆ, ದಾರಿ ತೋರಿಸುವ ಸೇನಾಪತಿಯಂತೆ ತಾವೇ ಮುಂದೆ ನುಗ್ಗಿದರು. ಒಳಗೆ ವೈನರಿಯ ಮೇಸ್ತ್ರಿ ಕಾದಿದ್ದ. ಪ್ಯಾಂಟು ಮಂಡಿಗೇರಿಸಿ, ಪೈಪು ಹಿಡಿದು ಕಾಲು ತಿಕ್ಕಿ ತೊಳೆದು, ರಟ್ಟೆ ಹಿಡಿದೆತ್ತಿ ರಾಯರನ್ನು ಕಲ್ಲಿನ ತೊಟ್ಟಿಯೊಳಗೆ ಇಳಿಸಿಯೇ ಬಿಟ್ಟ. ಮೀನಖಂಡದವರೆಗೆ ದ್ರಾಕ್ಷಿ. ತಣ್ಣಗೆ, ಜಾರುಜಾರಾಗಿ, ಬೆರಳ ಸಂದಿಯಲ್ಲಿ ಪಟಪಟ ಒಡೆಯುತ್ತ. ರಾಯರು ಹಿಂದಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಮೂವರೂ ಇನ್ನೂ ಗೇಟಿನ ಹತ್ತಿರವೇ ನಿಂತಿದ್ದರು.

“ಬನ್ನಿ ಭಾವ! ಬೂಟು ಬಿಚ್ಚಿ!”

“ನಂಗೆ ಡಾಕ್ಟರು ಕಾಲಿಗೆ ತಣ್ಣೀರು ಮುಟ್ಟಿಸಬೇಡ ಅಂದಿದಾರಪ್ಪಾ” ಎಂದರು ಷಡ್ಡಕರು, ಎಡಗಾಲನ್ನು ಹಿಂದಕ್ಕೆಳೆದುಕೊಂಡು.

“ನಾನು ಹೊಸ ಬಟ್ಟೆ ಹಾಕ್ಕೊಂಡಿದೀನಿ” ಎಂದರು ಅಕ್ಕ.

“ನಂಗೆ ನೋಡ್ಬೇಕು” ಎಂದರು ಹೆಂಡತಿ. ಅವರ ಕಣ್ಣು ಯಾಕೋ ಮಿನುಗುತ್ತಿತ್ತು.

ಅದೇ ಗಳಿಗೆಯಲ್ಲಿ ಷಡ್ಡಕರು ಟಿಕೆಟ್ಟಿನ ಕಿಂಡಿಯತ್ತ ತಿರುಗಿದ್ದನ್ನೂ ಅವರ ಬಲಗೈ ಮೆಲ್ಲಗೆ ಕೆಳಗಿಳಿಯುತ್ತಿದ್ದುದನ್ನೂ ರಾಯರು ಕಂಡರು. ರಾಯರು ತೊಟ್ಟಿಯ ಅಂಚಿಗೆ ಹಾರಿದರು. ಮೇಸ್ತ್ರಿ ಭುಜ ಹಿಡಿದು ವಾಪಸು ಒತ್ತಿದ.

“ಎಲ್ಲಿಗೆ ಯಜಮಾನ್ರೇ? ಒಂದ್ಸಲ ಇಳಿದ ಕಾಲು ತೊಟ್ಟಿ ಮುಗಿಯೋವರೆಗೂ ಮೇಲೆ ಬರಲ್ಲ. ಅರ್ಧಕ್ಕೆ ಬಿಟ್ರೆ ರಸ ಕೆಡುತ್ತೆ. ಕೆಟ್ರೆ ತೊಟ್ಟಿ ದ್ರಾಕ್ಷಿ ದುಡ್ಡು ನೀವು ಕಟ್ಟಿಕೊಡ್ಬೇಕು.”

ಕೊನೆಯ ವಾಕ್ಯ ಕೇಳಿ ರಾಯರ ಕಾಲು ತಾನಾಗಿ ತುಳಿಯತೊಡಗಿತು. ಬಾಯಿ ಮಾತ್ರ ಬಿಡುವಾಗಿತ್ತು.

“ಭಾವಾ! ಕರ್ಚೀಫಾ? ಭಾವಾ, ಕರ್ಚೀಫು ತಾನೇ?”

ಕರ್ಚೀಫಾಗಿರಲಿಲ್ಲ. ಷಡ್ಡಕರು ಮೂರು ಟಿಕೆಟ್ಟು ಬೀಸಣಿಗೆಯಂತೆ ಹಿಡಿದು ಗಾಳಿ ಹಾಕಿಕೊಳ್ಳುತ್ತ ತಿರುಗಿದರು. ಹೆಂಡತಿ ದೂರದಿಂದಲೇ ರಾಯರನ್ನು ನೋಡಿ, ಗಾಳಿಯಲ್ಲಿ ಒಂದು ಡಬ್ಬದ ಆಕಾರ ಬರೆದು, ಅದನ್ನು ಎದೆಗೆ ಅಪ್ಪಿಕೊಂಡಂತೆ ಅಭಿನಯಿಸಿದರು. ಕುರ್ಚಿ ಹೋಯಿತು. ರಾಯರಿಗೆ ನಿಜಕ್ಕೂ ಅಳು ಬಂತು. ಆದರೆ ತೊಟ್ಟಿಯಲ್ಲಿ ಅತ್ತರೂ ರಸ ಕೆಡುತ್ತದೆಯೋ ಏನೋ ಎಂದು ತಡೆದುಕೊಂಡರು.

ಟಿಕೆಟ್ಟಿನವರಿಗೆ ನೆರಳಿನಲ್ಲಿ ಆಸನ. ಎಂಥ ಆಸನ? ಹಿಡಿಕೆ ಎಳೆದರೆ ಬೆನ್ನು ವಾಲುವಂಥದು, ಕಾಲಿಗೆ ಮೆತ್ತನೆಯ ಹಲಗೆ ಏಳುವಂಥದು! ಷಡ್ಡಕರು ಕೂತು, ವಾಲಿ, ಎರಡು ದಿನದ ಪುಕ್ಕಟೆ ನಡಿಗೆಯಿಂದ ಊದಿದ ಕಾಲಿನ ಬೂಟನ್ನು ಕೊನೆಗೂ ಕಿತ್ತೆಸೆದು, ಕಾಲು ಮೇಲೆತ್ತಿದರು. ಹೆಬ್ಬೆರಳು ರಾಜಾರೋಷವಾಗಿ ಹೊರಬಂದು ಆಕಾಶ ನೋಡಿತು. ಆದರೆ ಅದನ್ನು ನೋಡುವವರು ಯಾರು? ನೆರೆದವರ ಕಣ್ಣೆಲ್ಲ ರಾಯರ ಕಾಲಿನ ಮೇಲೆ. ಅವರ ಖಾಯಂ ಗಿರಾಕಿಗಳೇ ಎಷ್ಟೋ ಜನ ಅಲ್ಲಿದ್ದರು. “ಇಷ್ಟು ವರ್ಷ ನಮ್ಮ ಕಾಲು ನೋಡಿದ್ರಿ ರಾಯರೇ, ಇವತ್ತು ನಾವು ನಿಮ್ಮದು ನೋಡ್ತೀವಿ!” ಎಂದು ಒಬ್ಬರು ಕೂಗಿದರು. ಯಾರೋ ತಾಳಕ್ಕೆ ಚಪ್ಪಾಳೆ ತಟ್ಟಿದರು. ರಾಯರು ಜಾರಿದರು, ಬಿದ್ದರು, ಎದ್ದರು. ಮೀಸೆಯಿಂದ ರಸ ತೊಟ್ಟಿಕ್ಕಿತು.

ಆಗ ಹೆಂಡತಿ ನಕ್ಕರು. ಬಾಯಿಗೆ ಕೈ ಅಡ್ಡ ಹಿಡಿಯದೆ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ. ಮದುವೆಯಾದ ಹೊಸತರಲ್ಲಿ ಅವರು ಹಾಗೆ ನಗುತ್ತಿದ್ದರು. ಆಮೇಲೆ ರಾಯರು ಅದನ್ನು ಕೇಳಿಯೇ ಇರಲಿಲ್ಲ. ಏನಾಯಿತೋ, ರಾಯರು ಸೊಂಟದ ಮೇಲೆ ಕೈಯಿಟ್ಟು ಒಂದು ಸುತ್ತು ಕುಣಿದರು. ಅದು ಯಾರೂ ಕೇಳದೆ ಅವರಾಗಿ ಕೊಟ್ಟದ್ದು, ಅಳತೆಯಿಲ್ಲದೆ.

ತೊಟ್ಟಿ ಮುಗಿದಾಗ ಮೇಸ್ತ್ರಿ ಅವರ ಬಲಗಾಲನ್ನು ಒಂದು ಹಾಳೆಯ ಮೇಲೆ ಒತ್ತಿಸಿದ. ಅಗಲವಾದ, ಚಪ್ಪಟೆಯಾದ ನೇರಳೆ ಹೆಜ್ಜೆ. “ಇಂಥ ಪಾದ ನಾನು ನೋಡೇ ಇಲ್ಲ” ಎಂದು ಅದರ ನಕಲು ತೆಗೆಸಿ, ಹೋದ ವರ್ಷದ ವೈನಿನ ಬಾಟಲಿಗಳಿಗೆ ಚೀಟಿಯಾಗಿ ಅಂಟಿಸಿ ಮಾರಲು ಇಟ್ಟೇ ಬಿಟ್ಟ. ಷಡ್ಡಕರು ಕುರ್ಚಿಯಿಂದ ಎದ್ದು ಬಂದರು.

“ರಾಯರೇ, ಸಮುದ್ರ ಗಿಮುದ್ರ ಎಲ್ಲಾ ಇದರ ಮುಂದೆ ಯಾವ ಲೆಕ್ಕ! ಎಷ್ಟಿವೆ ಬಾಟಲಿ? ಎಲ್ಲಾ ಕೊಡಿ. ನೆಂಟರಿಗೆಲ್ಲಾ ಹಂಚ್ತೀನಿ” ಎಂದು ಜೇಬಿಗೆ ಕೈ ಹಾಕಿದರು.

“ನಿಲ್ಲಿ ಭಾವ!” ಹೆಂಡತಿ ನಡುವೆ ಬಂದು ನಿಂತರು. “ನನ್ನ ಗಂಡನ ಕಾಲಿಗೆ ನೀವು ದುಡ್ಡು ಕೊಡೋದಾ? ಅಷ್ಟು ಗತಿಗೆಟ್ಟಿಲ್ಲ ನಾವು.” ಹೆಗಲ ಚೀಲದಿಂದ ಬೂಟಿನ ಡಬ್ಬ ಹೊರಗೆ ಬಂತು. (ಬೆಳಿಗ್ಗೆಯೇ ತಂದಿದ್ದರು. ಗಂಡನ ಮೇಲೆ ಅವರಿಗೆ ಅಷ್ಟು ನಂಬಿಕೆ.) ರಾಯರು ನೋಡುತ್ತಿದ್ದಂತೆ ಡಬ್ಬ ಖಾಲಿಯಾಯಿತು. ಅರ್ಧದಷ್ಟು ಬಾಟಲಿಗಳು ಷಡ್ಡಕರ ಕಾರು ಹತ್ತಿದವು, ಉಳಿದರ್ಧ ಮರದ ಪೆಟ್ಟಿಗೆಗಳಲ್ಲಿ ಮನೆಗೆ ಬಂದವು. ತಮ್ಮ ಕಾಲನ್ನು ತಾವೇ ದುಡ್ಡು ಕೊಟ್ಟು ಕೊಂಡ ಮನುಷ್ಯ ಆ ಊರಿನಲ್ಲಿ ರಾಯರೊಬ್ಬರೇ.

ಸೋಮವಾರ ಸಂಜೆ ಅವರು ಅಂಗಡಿಯಿಂದ ಬಂದು, ಬದನೆಕಾಯಿ ಬಣ್ಣದ ಪಾದಗಳನ್ನು ನೋಡಿಕೊಳ್ಳುತ್ತ, ಒಂದು ಪೆಟ್ಟಿಗೆಯ ಮೇಲೆ ಕೂತು ಇನ್ನೊಂದರ ಮೇಲೆ ಕಾಲು ಚಾಚಿದರು. ಪರವಾಗಿಲ್ಲ, ಎತ್ತರ ಸರಿಯಿತ್ತು. ಕಣ್ಣು ಮುಚ್ಚಿ ಹಿಂದಕ್ಕೆ ವಾಲಿದರು. ತಲೆ ಗೋಡೆಗೆ ಹೊಡೆಯಿತು. ಅಷ್ಟರಲ್ಲಿ ಒಳಗೆ ಫೋನಿಟ್ಟ ಸದ್ದಾಯಿತು.

“ರೀ, ಅಕ್ಕ ಬಾಟಲಿ ಎಲ್ಲರ ಮನೆಗೂ ಕೊಟ್ಟಳಂತೆ. ಚಿಕ್ಕಪ್ಪ, ಸೋದರತ್ತೆ, ಅವರ ಬೀಗರು, ಎಲ್ಲರೂ ಬರೋ ಭಾನುವಾರ ಇಲ್ಲಿಗೇ ಬರ್ತಾರಂತೆ, ನೀವು ತುಳಿಯೋದು ನೋಡೋಕೆ. ಟಿಕೆಟ್ಟು ನಾವೇ ತೆಗೆಸ್ಬೇಕು, ಮರ್ಯಾದೆ ಪ್ರಶ್ನೆ.”

ರಾಯರು ಪೆಟ್ಟಿಗೆಯ ಮೇಲಿಂದ ಕಾಲು ಕೆಳಗಿಳಿಸಿದರು. ಹೆಂಡತಿ ಬಿಸಿನೀರಿನ ಬೋಗುಣಿ ತಂದು ಅವರ ಕಾಲಿನ ಹತ್ತಿರ ಇಟ್ಟು, ಸಮಾಧಾನ ಮಾಡಿದರು:

“ಯಾಕೆ ಮುಖ ಹಾಗೆ ಮಾಡ್ತೀರಿ? ನಿಮಗೆ ಹೇಗೂ ಉಚಿತ ಅಲ್ವಾ?”