ಇದ್ದಲು ಬಸ್ಸಿನಲ್ಲಿ ಚಂದ್ರಲೋಕ

ನಮ್ಮ ಸೋದರಮಾವನಿಗೆ ಹುಚ್ಚು ಎನ್ನುವವರನ್ನು ನಾನು ಒಪ್ಪುವುದಿಲ್ಲ. ಬರೀ ಹುಚ್ಚಾಗಿದ್ದರೆ ಹಿಂದೂಪುರದವರು ಹೇಗೋ ನಿಭಾಯಿಸುತ್ತಿದ್ದರು! ಅವನಿಗೆ ಕಥೆಯೂ ಹಿಡಿದಿತ್ತು.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಹಿಂದೆ ಕಟ್ಟಿದ ಒಲೆಯ ಇದ್ದಲ ಹೊಗೆಯ ಬಲದಲ್ಲಿ ಓಡುತ್ತಿದ್ದವು. ಮಾವ ಕಲ್ಯಾಣದುರ್ಗದ ಬಸ್ಸಿನ ಕಂಡಕ್ಟರು. ಚಂದ್ರಲೋಕಕ್ಕೆ ಹಾರುವ ಕಥೆ ಬರೆದು ಪತ್ರಿಕೆಗಳಿಗೆ ಕಳಿಸುತ್ತಿದ್ದ. ಅವು ನಮ್ಮ ಬಸ್ಸಿಗಿಂತ ವೇಗವಾಗಿ ವಾಪಸು ಬರುತ್ತಿದ್ದವು.

"ಓದೋರು ನಮ್ಮತ್ರ ಬರಲ್ಲ ಅಂದ್ರೆ, ಎದ್ದು ಓಡೋಕಾಗ್ದೆ ಕೂತಿರೋರತ್ರ ನಾವೇ ಹೋಗ್ಬೇಕು ಕಣ್ಲಾ!" ಎಂದ ಮಾವ.

ಅಂಥವರು ಎಲ್ಲಿದ್ದಾರೆ? ಅವನ ಬಸ್ಸಿನಲ್ಲೇ! ಏರು ಬಂದಲ್ಲೆಲ್ಲ ಬಸ್ಸು ನಿಲ್ಲುತ್ತಿತ್ತು. ಡ್ರೈವರು ಇಳಿದು ಬೆಂಕಿ ಕೆದಕುವಷ್ಟು ಹೊತ್ತು ಕಥೆ. ಬಸ್ಸು ಗುರುಗುಟ್ಟಿದ ಕೂಡಲೇ, "ಹ್ಞಾಂ! ಮಿಕ್ಕಿದ್ದು ಮುಂದಿನ ಏರಿಗೆ!" ಜನ "ಆಮೇಲೆ? ತರ್ವಾತ?" ಎಂದು ಕನ್ನಡ, ತೆಲುಗು ಎರಡು ಭಾಷೆಯಲ್ಲೂ ಬಾಯಿ ಬಿಡುತ್ತಿದ್ದರು. ಆ ಎರಡು ಮಾತು ಕೇಳಿದರೆ ಮಾವನಿಗೆ ಊಟವೇ ಬೇಡ.

ಕಥಾನಾಯಕ ಕಂಬದೂರಿನ ಕುರಿಗಾಹಿ. ಕುರಿಗಳ ಸಮೇತ ಚಂದ್ರನ ಮೇಲೆ ಇಳಿದಿದ್ದ. ಅಲ್ಲಿ ಗಾಳಿಯಿಲ್ಲ, ನೀರಿಲ್ಲ ಎಂದು ಮಾವ ಹೆದರಿಸಿದರೆ ಕಂಬಳಿ ಹೊದ್ದ ಅಜ್ಜನೊಬ್ಬ ಎದ್ದು ನಿಂತ.

"ಅದೆಲ್ಲ ಇರ್ಲಿ ಕಣಪ್ಪ, ಕುರಿಗೆ ಮೇವೇನು?"

ಮುಂದಿನ ಏರಿನಲ್ಲಿ ಚಂದ್ರನ ಮೇಲೆ ಹುಲ್ಲು ಬೆಳೆಯಿತು!

ಇನ್ನೊಮ್ಮೆ ಅಜ್ಜಿಯೊಬ್ಬಳು ಬಾಯಿ ಬಡಿದುಕೊಂಡಳು. "ಅಯ್ಯೋ, ನಾನಿಳಿಯೋ ಪರಿಗಿ ದಾಟ್ಬುಡ್ತಲ್ಲೋ!"

"ಚಂದ್ರಲೋಕದಾಗೆ ಕೂತ್ಕಂಡು ಪರಿಗಿ ಕೇಳ್ತೀಯಲ್ಲಮ್ಮ!"

ನಾನೂ ಬಸ್ಸಿನಲ್ಲೇ ಬಿದ್ದಿರುತ್ತಿದ್ದೆ. ಊರವರನ್ನೆಲ್ಲ ಅಣಕಿಸುವುದೇ ನನ್ನ ಉದ್ಯೋಗ; ಬೇರೆ ಉದ್ಯೋಗ ಯಾರೂ ಕೊಟ್ಟಿರಲಿಲ್ಲ. ಮಾವನ ಮೂಗುದನಿಯಲ್ಲಿ ಹೊರಗಿನಿಂದ ಕೂಗಿ ಅತ್ತೆಯ ಹತ್ತಿರ ಕಾಫಿ ಹೊಡೆದಿದ್ದೂ ಉಂಟು.

ಕುರಿಗಾಹಿ ಚಂದ್ರನ ಪ್ರಪಾತವೊಂದರಲ್ಲಿ ನೇತಾಡುತ್ತಿರುವಾಗಲೇ, ಹೊಗೆ ಕುಡಿದು ಕುಡಿದು ಮಾವನ ಗಂಟಲು ಕಟ್ಟಿಹೋಯಿತು. ವೈದ್ಯರು ಮಾತಾಡಕೂಡದೆಂದರು, ಅವನ ಬಾಯಿಗೆ ಸೀಟಿಯೊಂದೇ ಉಳಿಯಿತು. ಬಸ್ಸಿನಲ್ಲಿ ಗಲಾಟೆಯೋ ಗಲಾಟೆ!

"ನಮ್ಮ ಹುಡುಗನ್ನ ಅಲ್ಲೇ ನೇತಾಕ್ಬುಟ್ಯಲ್ಲ! ನಾಳಿಂದ ಎತ್ತಿನ ಗಾಡೀಲೇ ಹೋಯ್ತೀನಿ," ಎಂದು ಕಂಬಳಿ ಅಜ್ಜ ಮುಖ ತಿರುಗಿಸಿದ.

ಪತ್ರಿಕೆಯವರು ಕಥೆ ಹಿಂದಿರುಗಿಸಿದಾಗಲೂ ಮಾವನ ಮುಖ ಅಷ್ಟು ಸಣ್ಣದಾಗಿರಲಿಲ್ಲ.

ನಾನು ಎದ್ದು, ಅವನದೇ ದನಿ ತೆಗೆದೆ. "ಹ್ಞಾಂ! ಕೇಳ್ರಪ್ಪೋ!" ಮುಂದಿನ ಕಥೆ ನನಗೇನು ಗೊತ್ತು? ಬಾಯಿಗೆ ಬಂದದ್ದೇ ಕಥೆ! ಟಗರು ಅಂಚಿಗೆ ಬಂತು, ಕುರಿಗಾಹಿಯ ಕಂಬಳಿಯ ತುದಿ ಕಚ್ಚಿತು, ಎಳೆಯಿತು... ಅಜ್ಜ ಮೆಲ್ಲಗೆ ಇತ್ತ ತಿರುಗಿದ. ಅಷ್ಟರಲ್ಲಿ ಬಸ್ಸು ಗುರುಗುಟ್ಟಿತು.

"ಮಿಕ್ಕಿದ್ದು ಮುಂದಿನ ಏರಿಗೆ!"

ಯಾರೋ ಅಂಗಿ ಜಗ್ಗಿದರು. ಮಾವ! ಬೈಯಲು ದನಿಯಿಲ್ಲ, ಹೊಡೆದೇ ಬಿಡುತ್ತಾನೆ ಎಂದುಕೊಂಡೆ. ಅವನು ಟಿಕೆಟ್ ಕಟ್ಟನ್ನು ಎದೆಗೊತ್ತಿಕೊಂಡು, ಕಣ್ಣರಳಿಸಿ, ತುಟಿ ಮಾತ್ರ ಆಡಿಸಿದ.

"ತರ್ವಾತ?"