ಮಂಗಳವಾರ, ಗುರುವಾರದ ಹಿಮಾಲಯ

“ಮಾಲ್ಡೀವ್ಸ್ ಏನು ಬಿಡ್ರೀ, ಸಮುದ್ರ ನೋಡ್ಕೊಂಡು ಮಲಗೋದು! ನಾವು ಭೂತಾನ್‌ಗೆ ಹೋಗ್ತಿದೀವಿ. ಲಕ್ಷುರಿ ಟ್ರೆಕ್! ಅಲ್ಲಿ ಬಂಡೆ ಅಂಚಲ್ಲಿ ಒಂದು ಮಠ ಇದೆ, ಹುಲಿಯ ಗೂಡು ಅಂತ. ನಾನು ಕಾಲ್ನಡಿಗೆಯಲ್ಲೇ ಹತ್ತೋದು!”

ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ಕನ್ನಡಿಗರ ಸಂಕ್ರಾಂತಿ ಊಟದಲ್ಲಿ, ಶೋಭನಾ ತನ್ನ ಮಾಲ್ಡೀವ್ಸ್ ಫೋಟೊಗಳನ್ನು ಮತ್ತೊಮ್ಮೆ ಮುಂದೆ ಹಿಡಿದಾಗ, ಇಂದುಮತಿ ಹೀಗೆ ಘೋಷಿಸಿದಳು. ಅದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಬೆರಗಾದವನು ಅವಳ ಗಂಡ ಉಮಾಕಾಂತ. ಅವನ ಕೈಯಲ್ಲಿದ್ದ ಪೊಂಗಲ್ ಚಮಚ ಬಾಯಿಯ ಹತ್ತಿರ ಬಂದು, ದಾರಿ ಮರೆತು, ತಟ್ಟೆಗೇ ವಾಪಸಾಯಿತು.

ಕಾರಿನಲ್ಲಿ ಕೂತ ಮೇಲೆ ಮೆಲ್ಲಗೆ ಕೇಳಿದ. “ನಾವು ಯಾವಾಗ ಭೂತಾನ್‌ಗೆ ಹೋಗ್ತಿರೋದು?”

“ಏಪ್ರಿಲ್‌ನಲ್ಲಿ.”

“ನೀನು ಕೊನೇ ಸಲ ಬೆಟ್ಟ ಹತ್ತಿದ್ದು ಯಾವಾಗ ಕಣೇ?”

“ಕಾಲೇಜಲ್ಲಿದ್ದಾಗ ದೇವರಾಯನದುರ್ಗ ಹತ್ತಿದೀನಿ!”

“ಬಸ್ಸಲ್ಲಿ.”

“ಬಸ್ ಇಳಿದ್ಮೇಲೆ ದೇವಸ್ಥಾನಕ್ಕೆ ನನ್ನನ್ನ ಯಾರು ಹೊತ್ಕೊಂಡು ಹೋದ್ರಂತೆ?”

ಉಮಾಕಾಂತ ಕಾರು ಸ್ಟಾರ್ಟ್ ಮಾಡಿದ. ಆ ವಾರವೇ ಬುಕಿಂಗ್ ಆಯಿತು. ಪ್ರವಾಸದ ಕಂಪನಿ ಕಳಿಸಿದ ವರ್ಣನೆಯನ್ನು ಇಂದುಮತಿ ಅಡುಗೆಮನೆಯ ಕಿಟಕಿಯ ಬಳಿ ಕೂತು ಓದಿದಳು. ಕಾಯಿಸಿದ ಕಲ್ಲು ಹಾಕಿದ ನೀರಿನಲ್ಲಿ ಸ್ನಾನವಂತೆ. ಮುಖವಾಡದ ಕುಣಿತವಂತೆ. ಗುಡಾರದಲ್ಲೂ ಹಾಸಿಗೆಯೊಳಗೆ ಬಿಸಿನೀರಿನ ಚೀಲ ಇಟ್ಟಿರುತ್ತಾರಂತೆ. ಅವಳ ಕಣ್ಣು ಮಾತ್ರ ಮತ್ತೆ ಮತ್ತೆ ಒಂದೇ ಸಾಲಿಗೆ ಹೋಗಿ ನಿಲ್ಲುತ್ತಿತ್ತು: ‘ನಿಮ್ಮ ಗೈಡ್ ಬೆಳಗಿನಿಂದ ಸಂಜೆಯವರೆಗೆ ನಿಮ್ಮ ಜೊತೆಗೇ ಇರುತ್ತಾರೆ.’

ಜೊತೆಗೇ! ಬೆಳಗಿನಿಂದ ಸಂಜೆಯವರೆಗೆ! ಇದಲ್ಲವೇ ಐಷಾರಾಮ ಎಂದರೆ?

ಅವಳು ಕೆಲಸ ಮಾಡುತ್ತಿದ್ದ ದಾಗಿಸ್, ಅಂದರೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಶಾಲೆ, ಡಿಸೆಂಬರ್‌ನಲ್ಲಿ ಮುಚ್ಚಿಹೋಗಿತ್ತು. ಅಲ್ಲಿಯವರೆಗೆ ದಿನವಿಡೀ ಯಾವುದಾದರೊಂದು ಮಗು ಅವಳ ಸೆರಗಿಲ್ಲದ ಸ್ವೆಟರನ್ನೇ ಸೆರಗಿನಂತೆ ಹಿಡಿದು ಏನನ್ನಾದರೂ ಕೇಳುತ್ತಿತ್ತು. ಈಗ ಉಮಾಕಾಂತ ಬೆಳಿಗ್ಗೆ ಕತ್ತಲಿರುವಾಗಲೇ ಲಾರಿ ಕಾರ್ಖಾನೆಗೆ ಹೊರಟು, ಮತ್ತೆ ಕತ್ತಲಾದ ಮೇಲೆ ಬರುತ್ತಿದ್ದ. ಮಗಳು ದಿಯಾ ದೂರದ ಊರು ಕಾರ್ಲ್‌ಸ್ಟಾಡ್‌ನಲ್ಲಿ ಓದುತ್ತಿದ್ದಳು. ಅಮ್ಮನ ಉದ್ದುದ್ದ ಮೆಸೇಜುಗಳಿಗೆಲ್ಲ ಒಂದೊಂದು ಹೆಬ್ಬೆರಳು ಕಳಿಸುತ್ತಿದ್ದಳು. ಮಧ್ಯದ ಹೊತ್ತಿನಲ್ಲಿ ಇಂದುಮತಿಯ ಜೊತೆ ಮಾತಾಡುತ್ತಿದ್ದುದು ಕುಕ್ಕರ್ ಒಂದೇ. ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತಿತ್ತು.

ಜನವರಿ ಮುಗಿಯುವಷ್ಟರಲ್ಲಿ ಉಮಾಕಾಂತ ಫೋನಿನಿಂದ ತಲೆಯೆತ್ತದೆ ಹೇಳಿದ. “ಇಂದು, ಏಪ್ರಿಲ್‌ನಲ್ಲಿ ನಮ್ಮಲ್ಲಿ ಹೊಸ ಲೈನ್ ಶುರು. ರಜೆ ಸಿಗಲ್ಲ. ನನ್ನದು ಕ್ಯಾನ್ಸಲ್ ಮಾಡ್ಸಿದೀನಿ. ನೀನು ಹೋಗ್ಬಾ.”

ಅವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ತಿರುಗಿದಳು. ಹೇಳಬೇಕೆಂದಿದ್ದ ಮಾತು ಬೇರೆ. ಬಾಯಿಂದ ಬಂದ ಮಾತು ಬೇರೆ.

“ಹೋಗ್ತೀನಿ! ಒಬ್ಬಳೇ ಹೋಗಿ, ಒಬ್ಬಳೇ ಹತ್ತಿ ತೋರಿಸ್ತೀನಿ! ಯಾರ ಜೊತೆನೂ ಬೇಡ ನನಗೆ!”

ದಿಯಾ ಹೆಬ್ಬೆರಳಿನ ಜೊತೆ ‘ಹೆಯಾ ಮಮ್ಮಾ!’ ಎಂದು ಸ್ವೀಡಿಷ್‌ನಲ್ಲಿ ಹುರಿದುಂಬಿಸಿದಳು. ಇನ್ನು ಹಿಂದೆ ಸರಿಯುವಂತಿಲ್ಲ.

ಹತ್ತುವುದಕ್ಕೆ ಅಭ್ಯಾಸ ಬೇಕಲ್ಲ? ಹೊರಗೆ ರಸ್ತೆಯೆಲ್ಲ ಗಾಜಿನಂಥ ಮಂಜುಗಡ್ಡೆ. ಮೊದಲ ದಿನವೇ ಮನೆಯೆದುರಿನ ಬಸ್ ನಿಲ್ದಾಣದವರೆಗೆ ಟ್ರೆಕ್ ಮಾಡಿ, ಉಳಿದ ದಾರಿಯನ್ನು ಜಾರಿಬಿದ್ದು ಕೂತೇ ಕ್ರಮಿಸಿದಳು. ಆಗ ಕಂಡದ್ದು ತಮ್ಮ ಬಿಲ್ಡಿಂಗಿನ ಮೆಟ್ಟಿಲು. ಎಂಟು ಮಹಡಿ! ಅವರ ಮನೆ ಮೂರನೆಯದರಲ್ಲಿ. ಎಲ್ಲರೂ ಲಿಫ್ಟ್ ಹತ್ತುತ್ತಾರೋ ಏನೋ, ಮೆಟ್ಟಿಲ ಮೇಲೆ ನರಪಿಳ್ಳೆಯೂ ಇಲ್ಲ. ಆರು ವರ್ಷದಲ್ಲಿ ಆ ಬಿಲ್ಡಿಂಗಿನಲ್ಲಿ ಅವಳು ಪೂರ್ತಿಯಾಗಿ ನೋಡಿದ ಮುಖಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಬಾಗಿಲ ಮೇಲೆ ಹೆಸರುಗಳಿದ್ದವು. ಹೆಸರಿನವರು ಎಲ್ಲಿರುತ್ತಾರೋ ದೇವರೇ ಬಲ್ಲ.

ಮರುದಿನ ಉಮಾಕಾಂತನ ಕಾರು ಹೊರಟ ಮೇಲೆ ಇಂದುಮತಿ ಬೆನ್ನಿಗೆ ಹತ್ತು ಕಿಲೋ ಸೋನಾ ಮಸೂರಿಯ ಮೂಟೆ ತುಂಬಿದ ಬ್ಯಾಗ್ ಏರಿಸಿ, ಕಾಲಿಗೆ ಹೊಸ ಬೂಟು ತೊಟ್ಟು, ಕೆಳಗಿನ ಮಹಡಿಗೆ ಭೂತಾನಿನಲ್ಲಿ ವಿಮಾನ ಇಳಿಯುವ ಊರಾದ ‘ಪಾರೋ’ ಎಂದು, ಎಂಟನೆಯದಕ್ಕೆ ‘ಹುಲಿಯ ಗೂಡು’ ಎಂದು ನಾಮಕರಣ ಮಾಡಿ ಹೊರಟಳು. ನಾಲ್ಕನೇ ಮಹಡಿಯಲ್ಲಿ ಉಸಿರು ನಿಂತಿತು. ಅದರ ಜೊತೆಗೇ ದೀಪವೂ ಆರಿತು. ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಮಾತ್ರ ಉರಿಯುವ ಮೆಟ್ಟಿಲ ದೀಪ. ಆ ಕತ್ತಲಿನಲ್ಲಿ ತನ್ನ ಎದೆಬಡಿತ ತನಗೇ ಕೇಳಿಸಿ, ಅವಳು ಸುಮ್ಮನೆ ಕೇಳಿದಳು.

“ಇನ್ನೂ ಎಷ್ಟು ದೂರ ಇದೆ, ದೋರ್ಜಿ?”

ಭೂತಾನಿನಲ್ಲಿ ಎಲ್ಲಿ ಕೂಗಿದರೂ ಯಾರಾದರೊಬ್ಬರು ಓಗೊಡುವಷ್ಟು ಸಾಮಾನ್ಯವಾದ ಹೆಸರಂತೆ ಅದು. ಗೈಡ್ ದೋರ್ಜಿ ಹುಟ್ಟಿದ್ದು ಹಾಗೆ.

ಎಂಥ ಗೈಡ್! ಅವಸರವಿಲ್ಲ, ಫೋನಿಲ್ಲ, ಹೊಸ ಲೈನಿಲ್ಲ. ಮರುದಿನ ಅವನಿಗೆ ಶೋಭನಾಳ ಮಾಲ್ಡೀವ್ಸ್ ಕಥೆ ಹೇಳಿದಳು. ಆಮೇಲೆ ದಾಗಿಸ್‌ನ ಮಕ್ಕಳ ಕಥೆ. ಆಮೇಲೆ ತಿಪಟೂರಿನ ಕಾಲೇಜು. “ನೋಡಪ್ಪಾ ದೋರ್ಜಿ, ಹುಳಿಗೆ ಮೆಂತ್ಯ ಜಾಸ್ತಿ ಆಯ್ತು ಅಂದ್ರು ನಮ್ಮನೆಯವ್ರು. ಆರು ಗಂಟೆಗೆ ಮಾಡಿದ್ದನ್ನ ಒಂಬತ್ತಕ್ಕೆ ತಿಂದ್ರೆ ಮೆಂತ್ಯ ಏನ್ಮಾಡುತ್ತೆ?” ದೋರ್ಜಿ ಒಪ್ಪಿಕೊಂಡ. ಕೆಲವು ದಿನ ಅವನನ್ನು ಬೈದಳು ಕೂಡ. ಅವನು ಬೇಸರಪಡಲಿಲ್ಲ.

ಬೌದ್ಧ ದೇಶವೆಂದ ಮೇಲೆ ಪ್ರಾರ್ಥನಾ ಚಕ್ರಗಳಿಲ್ಲದಿದ್ದರೆ ಹೇಗೆ? ಪ್ರತಿ ಮಹಡಿಯಲ್ಲೂ ಕೋಣೆ ಬಿಸಿಮಾಡುವ ರೇಡಿಯೇಟರ್ ಇತ್ತು, ಅದಕ್ಕೊಂದು ಬಿಳಿ ತಿರುಗಣೆಯಿತ್ತು. ದಾಟುವಾಗಲೆಲ್ಲ ಅದನ್ನು ಭಕ್ತಿಯಿಂದ ಬಲಕ್ಕೆ ತಿರುಗಿಸಿ ಮುಂದೆ ಸಾಗಿದಳು. ಫೆಬ್ರವರಿಯ ಕೊನೆಯ ಹೊತ್ತಿಗೆ ಮೆಟ್ಟಿಲುದಾರಿಯಲ್ಲಿ ಬಾಯಿಂದ ಹೊಗೆ ಬರುವಷ್ಟು ಚಳಿ. “ಹವೆ ಕೂಡ ಹಿಮಾಲಯದ್ದೇ ಆಗ್ತಿದೆ ನೋಡು, ದೋರ್ಜಿ!” ಎಂದು ಹಿಗ್ಗಿದಳು.

ಆಗಲೇ ಬಿಲ್ಡಿಂಗಿನ ಸಂಘದಿಂದ ಸಭೆಯ ಕರೆ ಬಂತು. ಒಂದು ಶನಿವಾರ, ನೆಲಮಾಳಿಗೆಯ ಕೋಣೆಯಲ್ಲಿ, ಫಿಕಾದ ಜೊತೆ. ಅಂದರೆ ಕಾಫಿ ಮತ್ತು ದಾಲ್ಚಿನ್ನಿ ಬನ್ನು. ಬನ್ನಿದೆಯೆಂದು ಉಮಾಕಾಂತನೂ ಬಂದ.

ಬಾಗಿಲ ಮೇಲಿನ ಹೆಸರುಗಳಿಗೆಲ್ಲ ಅಂದು ಮುಖ ಬಂತು. ಕೋಣೆ ತುಂಬ ಜನ! ಇಷ್ಟು ದಿನ ಇವರೆಲ್ಲ ಎಲ್ಲಿದ್ದರು? ಅಧ್ಯಕ್ಷ ಲೆನಾರ್ಟ್ ಗಂಟಲು ಸರಿಮಾಡಿಕೊಂಡ. ಮೊದಲನೆಯ ವಿಷಯ ರೇಡಿಯೇಟರ್. ರಿಪೇರಿಯವನು ಎರಡು ಸಲ ಬಂದು ಹೋದನಂತೆ. ಯಾರೋ ಎಲ್ಲವನ್ನೂ ಒಂದೊಂದಾಗಿ ಬಲಕ್ಕೆ ತಿರುಗಿಸಿ ಮುಚ್ಚುತ್ತಿದ್ದಾರಂತೆ. ಇಂದುಮತಿ ತನ್ನ ಬನ್ನಿನ ಮೇಲಿನ ಸಕ್ಕರೆ ಹರಳುಗಳನ್ನು ಎಣಿಸತೊಡಗಿದಳು.

“ಎರಡನೆಯ ವಿಷಯ,” ಎಂದ ಲೆನಾರ್ಟ್, ಅವಳ ಕಡೆ ನೋಡದೆ. “ಯಾರನ್ನೂ ದೂರುತ್ತಿಲ್ಲ. ಆದರೆ ನಮಗೆ ಮನೆಯಿಂದ ಹೊರಗೆ ಬರೋಕೆ ಆಗ್ತಿಲ್ಲ.”

“ಅಯ್ಯೋ, ಯಾಕೆ? ಬಾಗಿಲು ಕೆಟ್ಟಿದೆಯಾ?” ಎಂದಳು ಇಂದುಮತಿ ತನ್ನ ದಾಗಿಸ್ ಸ್ವೀಡಿಷ್‌ನಲ್ಲಿ.

“ನೀನು ಮೆಟ್ಟಿಲ ಮೇಲೆ ಇರ್ತೀಯ.”

ಆಗ ತಿಳಿಯಿತು ಗುಟ್ಟು. ಅಲ್ಲಿಯ ಒಬ್ಬೊಬ್ಬರೂ ಹೊರಗೆ ಹೊರಡುವ ಮುಂಚೆ ಬಾಗಿಲಿಗೆ ಕಿವಿಯಿಟ್ಟು ಕೇಳುತ್ತಾರೆ, ಕಿಂಡಿಯಲ್ಲಿ ಇಣುಕುತ್ತಾರೆ. ಹೊರಗೆ ಯಾರಾದರೂ ಇದ್ದರೆ ಅವರು ಹೋಗುವ ತನಕ ಒಳಗೇ ಕಾಯುತ್ತಾರೆ. ಸುಮ್ಮನೆ ಎದುರಾಗಿ, ಏನಾದರೂ ಮಾತಾಡಬೇಕಾಗಿ ಬಂದು, ಯಾಕೆ ಬೇಕು ಪರಸ್ಪರ ತೊಂದರೆ? ಅವಳು ಹತ್ತಿ ಇಳಿದು, ಇಳಿದು ಹತ್ತಿ, ಇಡೀ ಬಿಲ್ಡಿಂಗನ್ನು ಅರ್ಧ ದಿನ ಗೃಹಬಂಧನದಲ್ಲಿ ಇಟ್ಟಿದ್ದಳು! ಏಳನೇ ಮಹಡಿಯವನಿಗೆ ಹಲ್ಲಿನ ಡಾಕ್ಟರು ತಪ್ಪಿಹೋಗಿದ್ದರು. ಆರನೆಯದರಲ್ಲಿ ನಾಯಿ ತಡೆಯಲಾರದೆ ಕಾಲೊರಸಿನ ಮೇಲೆಯೇ ಮುಗಿಸಿತ್ತು.

“ಹೊರಗೆ ಬಂದು ಒಂದು ಹಲೋ ಅಂದಿದ್ರೆ ಆಗ್ತಿತ್ತಲ್ಲ!”

ಅವಳು ಆಡಬಾರದ ಮಾತೇನೋ ಆಡಿದಂತೆ ಎಲ್ಲರೂ ಕಾಫಿಯೊಳಗೆ ನೋಡಿಕೊಂಡರು.

“ಇನ್ನೊಂದಿದೆ,” ಲೆನಾರ್ಟ್‌ನ ಕಿವಿ ಕೆಂಪಾಗಿತ್ತು. “ದೋರ್ಜಿ. ಅವನ ಹೆಸರು ನಿಮ್ಮ ಬಾಗಿಲ ಮೇಲೆ ಇಲ್ಲ. ನಿಮ್ಮ ಮನೆಯಲ್ಲೇ ವಾಸವಿದ್ದರೆ ಸಂಘಕ್ಕೆ ತಿಳಿಸಬೇಕು.”

ಉಮಾಕಾಂತನ ಬನ್ನು ಬಾಯಿಯ ಹತ್ತಿರ ಬಂದು ನಿಂತುಬಿಟ್ಟಿತು. “ಯಾರೇ ಅದು ದೋರ್ಜಿ?” ಎಂದ ಕನ್ನಡದಲ್ಲಿ.

ಕನ್ನಡ ಬಾರದಿದ್ದರೂ ಹೆಸರು ಕೇಳಿಸಿಕೊಂಡ ಏಳನೇ ಮಹಡಿಯವನು ನೆರವಾಗಲೆಂದೇ ಹೇಳಿದ. “ದಿನಾ ಬರ್ತಾನೆ. ನಿನ್ನ ಕಾರು ಹೊರಟ ಮೇಲೆ.”

ಹುಲಿಯ ಗೂಡಿನ ಕೊನೆಯ ಮೆಟ್ಟಿಲೂ ಇಷ್ಟು ಕಡಿದಾಗಿರಲಾರದು. ಇಂದುಮತಿ ಎದ್ದು ನಿಂತಳು. ಎಲ್ಲರೂ ನೋಡುತ್ತಿದ್ದರು, ಆರು ವರ್ಷದ ಬಾಕಿ ನೋಟವನ್ನೆಲ್ಲ ಒಂದೇ ಸಲ ತೀರಿಸುವಂತೆ.

“ದೋರ್ಜಿ ಇಲ್ಲ,” ಎಂದಳು.

“ಹೊರಟುಹೋದನಾ?” ಕೇಳಿದ ಲೆನಾರ್ಟ್.

“ಇರಲೇ ಇಲ್ಲ. ನಾನೇ ಮಾತಾಡ್ಕೊಳ್ತಿದ್ದೆ.”

ಲೆನಾರ್ಟ್ ನಿಟ್ಟುಸಿರುಬಿಟ್ಟ. “ಒಳ್ಳೆಯದಾಯ್ತು. ಹಾಗಾದರೆ ಬಾಗಿಲ ಮೇಲೆ ಹೆಸರು ಸೇರಿಸಬೇಕಾಗಿಲ್ಲ.”

ಸ್ವೀಡನ್ ಎಂಥ ಸಮಸ್ಯೆಗೂ ಒಂದು ವೇಳಾಪಟ್ಟಿ ಹುಡುಕುತ್ತದೆ. ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯ ಸರದಿಗೆ ಒಂದು ಹಲಗೆಯಿದೆ; ಪ್ರತಿ ಮನೆಗೂ ಸಂಖ್ಯೆ ಬರೆದ ಪುಟ್ಟ ಬೀಗ, ಬೇಕಾದ ಹೊತ್ತಿನ ಮೇಲೆ ಅದನ್ನು ಸಿಕ್ಕಿಸಿದರೆ ಆ ಹೊತ್ತು ನಿಮ್ಮದು. ಅದರ ಕೆಳಗೆ ಲೆನಾರ್ಟ್ ಮಂಗಳವಾರ ಮತ್ತು ಗುರುವಾರದ ಬೆಳಗಿಗೆ ಹೊಸ ಸಾಲು ಎಳೆದು, ಅಂದವಾದ ಅಕ್ಷರದಲ್ಲಿ ಬರೆದ: ‘ಹಿಮಾಲಯ’. ಮೊದಲ ಮಂಗಳವಾರಕ್ಕೆ ಇಂದುಮತಿಯಿಂದಲೇ ಬೀಗ ಹಾಕಿಸಿದ.

ಮೇಲೆ ಹೋಗುವಾಗ ಲಿಫ್ಟಿನಲ್ಲಿ ಇಬ್ಬರೇ.

“ಸಂಬಳ ಎಷ್ಟು ಕೊಡ್ತಿದ್ದೆ ಅವನಿಗೆ?” ಉಮಾಕಾಂತ ನಗಿಸಲು ನೋಡಿದ. ಅವಳು ನಗಲಿಲ್ಲ. ಮೊದಲ ಮಹಡಿ ದಾಟಿತು.

“ಏನ್ ಮಾತಾಡ್ತಾನೆ ಅವನು, ಅಷ್ಟೊಂದು?”

“ಅವನೆಲ್ಲಿ ಮಾತಾಡ್ತಾನೆ. ಕೇಳ್ತಾನೆ, ಅಷ್ಟೇ.”

ಎರಡನೇ ಮಹಡಿ ದಾಟಿತು. ಉಮಾಕಾಂತ ಫೋನು ತೆಗೆದು, ನೋಡದೆ, ಮತ್ತೆ ಜೇಬಿಗೆ ಹಾಕಿದ.

“ನನ್ನ ಟಿಕೆಟ್ಟೂ ಕ್ಯಾನ್ಸಲ್ ಮಾಡ್ಸಿಬಿಡಿ,” ಎಂದಳು ಬಾಗಿಲು ತೆರೆಯುವಾಗ.

ಮಂಗಳವಾರ ಬಂತು. ಹತ್ತುವ ಮನಸ್ಸೇನೂ ಇರಲಿಲ್ಲ. ಆದರೆ ಬೀಗ ಸಿಕ್ಕಿಸಿದ ಹೊತ್ತನ್ನು ಬಳಸದೆ ಬಿಡುವುದು ಈ ದೇಶದಲ್ಲಿ ಮಹಾಪಾಪ. ಇಂದುಮತಿ ಅಕ್ಕಿ ಮೂಟೆ ಹೊತ್ತು, ಬೂಟಿನ ಸದ್ದೂ ಆಗದಂತೆ, ತುಟಿ ಬಿಗಿದು ಹತ್ತಿದಳು. ರೇಡಿಯೇಟರುಗಳನ್ನು ಮುಟ್ಟಲಿಲ್ಲ. ಐದನೇ ಮಹಡಿಯಲ್ಲಿ ಉಸಿರಿಗಾಗಿ ನಿಂತಾಗ ಪಕ್ಕದ ಬಾಗಿಲ ಒಳಗಿನಿಂದ ಮುದಿದನಿಯೊಂದು ಕೇಳಿತು.

“ಇವತ್ತು ದೋರ್ಜಿ ಎಲ್ಲಿ?”

ಬಾಗಿಲ ಮೇಲಿನ ಹೆಸರು ಗುನ್ನೆಲ್. ಸಭೆಯಲ್ಲಿ ಮೂಲೆಯಲ್ಲಿ ಕೂತು ಒಂದೂ ಮಾತಾಡದಿದ್ದ ಬಿಳಿಜಡೆಯ ಅಜ್ಜಿ.

“ರಜೆ ಮೇಲಿದ್ದಾನೆ,” ಎಂದಳು ಇಂದುಮತಿ.

“ನೀನು ಬರುವ ಹೊತ್ತಿಗೆ ರೇಡಿಯೊ ಆಫ್ ಮಾಡ್ತಿದ್ದೆ. ಅವನ ಹೆಸರು ಬಿಟ್ಟರೆ ಏನೂ ಅರ್ಥವಾಗ್ತಿರಲಿಲ್ಲ. ನೀನು ಅವನನ್ನ ಬೈಯುವ ದಿನ ತುಂಬ ಚೆನ್ನಾಗಿರ್ತಿತ್ತು.”

ಇಬ್ಬರ ನಡುವೆ ಬಾಗಿಲಿತ್ತು. ದೀಪ ಆರಿತು. ಆಮೇಲೆ ಚಿಲಕ ಸರಿದು, ಗುನ್ನೆಲ್ ಹೊರಗೆ ಬಂದಳು. ಕಾಲಲ್ಲಿ ಬೂಟು ಆಗಲೇ ಇತ್ತು.

“ಮೇಲಿನ ತನಕ ನಾನು ಬರ್ತೀನಿ. ಆದರೆ ಮಾತಾಡೋದಿಲ್ಲ.”

“ಪರವಾಗಿಲ್ಲ. ಅವನೂ ಮಾತಾಡ್ತಿರಲಿಲ್ಲ.”

ಹೊರಟರು. ಆರನೇ ಮಹಡಿಯಲ್ಲಿ ಅಜ್ಜಿ ಒಂದು ಮೆಟ್ಟಿಲು ಮುಂದೆ. ಏಳರಲ್ಲಿ ಅರ್ಧ ಮಹಡಿ ಮುಂದೆ! ಇಂದುಮತಿ ಅಕ್ಕಿಯನ್ನು ಶಪಿಸುತ್ತ, ಕೈಹಿಡಿಕೆಗೆ ಜೋತುಬಿದ್ದು, ಬೆಕ್ಕಿನಂತೆ ತೆವಳಿ ಹುಲಿಯ ಗೂಡು ಮುಟ್ಟುವಷ್ಟರಲ್ಲಿ ಗುನ್ನೆಲ್ ಮೇಲಿನ ಮೆಟ್ಟಿಲ ಮೇಲೆ ಕೈಕಟ್ಟಿ ಕೂತಿದ್ದಳು. ಒಂದು ಏದುಸಿರೂ ಇಲ್ಲ.

“ಈ ವಯಸ್ಸಲ್ಲಿ... ಹೇಗೆ?”

“ನಲವತ್ತು ವರ್ಷದಿಂದ ಮೆಟ್ಟಿಲೇ,” ಎಂದಳು ಗುನ್ನೆಲ್. ಬೂಟಿನ ದಾರ ಬಿಗಿದುಕೊಂಡು, “ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿಬಿಟ್ಟರೆ ಅಂತ ಭಯ,” ಎಂದಳು.

ಇಂದುಮತಿ ಅವಳ ಪಕ್ಕದಲ್ಲಿ ಕೂತಳು. ದೀಪ ಮತ್ತೆ ಆರಿತು. ಗುಂಡಿ ಕೈಗೆಟುಕುವಷ್ಟೇ ದೂರದಲ್ಲಿತ್ತು. ಇಬ್ಬರೂ ಏಳಲಿಲ್ಲ.

ಅಂದು ಸಂಜೆ ಉಮಾಕಾಂತ ಎಂದಿಗಿಂತ ಬೇಗ ಬಂದ. ಹುಳಿ ಇನ್ನೂ ಬಿಸಿಯಿತ್ತು. ಮೆಂತ್ಯದ ಬಗ್ಗೆ ಏನೂ ಹೇಳಲಿಲ್ಲ.

“ಟಿಕೆಟ್ ಇನ್ನೂ ಕ್ಯಾನ್ಸಲ್ ಮಾಡಿಲ್ಲ,” ಎಂದ. “ಮಾಡ್ಲಾ?”

“ಬೇಡ.”

“ಹುಲಿಯ ಗೂಡು ಹತ್ತಿಬಿಡ್ತೀಯಾ ಒಬ್ಬಳೇ?”

ಸಂಕ್ರಾಂತಿಯ ದಿನದ ಆ ಇಂದುಮತಿ ಆಗಿದ್ದರೆ ಇದಕ್ಕೊಂದು ಭಾಷಣವೇ ಆಗುತ್ತಿತ್ತು. “ಹುಲಿ ಆಮೇಲೆ,” ಎಂದಳು. “ಮೊದ್ಲು ಐದನೇ ಮಹಡಿ ಅಜ್ಜಿನ ಹಿಡೀಬೇಕು.”

ಉಮಾಕಾಂತ ತಟ್ಟೆಯ ಅಂಚಿನಲ್ಲಿ ಬೆರಳಾಡಿಸಿದ. “ಗುರುವಾರ ನನಗೆ ಮಧ್ಯಾಹ್ನದ ಶಿಫ್ಟು. ಬೆಳಿಗ್ಗೆ ನಾನೂ ಬರ್ಲಾ?”

ಅವಳು ಅವನನ್ನು ನೋಡಿದಳು. ಹೇಳಬೇಕೆಂದಿದ್ದ ಮಾತು ಬೇರೆ. ಬಾಯಿಂದ ಬಂದದ್ದು, ಯಥಾಪ್ರಕಾರ, ಬೇರೆ.

“ಬುಕ್ ಮಾಡಿದೀರಾ?”

ಅವನು ಮೇಲೆದ್ದು ಕೈತೊಳೆದು, ಬೀಗದ ಕೀಲಿ ತೆಗೆದುಕೊಂಡು ಹೊರಗೆ ಹೋದ. ಇಂದುಮತಿ ಬಾಗಿಲ ಹಿಂದೆ ನಿಂತು, ಉಸಿರು ಬಿಗಿಹಿಡಿದು, ಕಿವಿಯಿಟ್ಟು ಆಲಿಸಿದಳು, ಆ ಬಿಲ್ಡಿಂಗಿನ ಪಕ್ಕಾ ನಿವಾಸಿಯ ಹಾಗೆ. ಲಿಫ್ಟಿನ ಸದ್ದಾಗಲಿಲ್ಲ. ಹೆಜ್ಜೆಗಳು ಮೆಟ್ಟಿಲ ಮೇಲೆ ನೆಲಮಾಳಿಗೆಯ ಕಡೆಗೆ ಇಳಿದವು. ಒಂದು ಮಹಡಿ. ಇನ್ನೊಂದರ ಅರ್ಧದಲ್ಲಿ ಹೆಜ್ಜೆ ನಿಂತಿತು, ಜೋರಾದ ಏದುಸಿರು ಕೇಳಿತು.

ಇಳಿಯುವಾಗಲೇ!